ಹಳಸಿದ ಪೆಟ್ರೋಲೂ ಚಿಕ್ಕವ್ವನ ಕಣ್ಣೂ

ಹಾಲು ಒಡೆಯುತ್ತದೆ, ದೋಸೆಹಿಟ್ಟು ಹುಳಿಯಾಗುತ್ತದೆ, ಮೊನ್ನೆಯ ಸಾರು ಮುಚ್ಚಳ ತೆಗೆದೊಡನೆ ತನ್ನ ವಯಸ್ಸು ಹೇಳುತ್ತದೆ. ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ. ಆದರೆ ಪೆಟ್ರೋಲೂ ಹಳಸುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಭೂಮಿಯ ಹೊಟ್ಟೆಯಲ್ಲಿ ಯುಗಯುಗಗಳಿಂದ ಕೆಡದೆ ಕೂತಿದ್ದ ಪದಾರ್ಥ ಚಾಮರಾಜನಗರದ ನಮ್ಮ ಮನೆಯ ಶೆಡ್ಡಿನಲ್ಲಿ ಒಂದು ವರ್ಷ ಕೂತ ಮಾತ್ರಕ್ಕೆ ಕೆಟ್ಟುಹೋಗುವುದುಂಟೇ? ನಾನು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಯಾವುದೇ ವಸ್ತು ಹಳೆಯದಾದಷ್ಟೂ ಅದರ ಘನತೆ ಹೆಚ್ಚುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿಕೊಂಡು ಬಂದವನು. ಪೆಟ್ರೋಲು ನನ್ನ ತರಗತಿಯಲ್ಲಿ ಕೂತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಎಂಜಿನ್ನಿಗೆ ಪೆಟ್ರೋಲು ಬೆರೆಸಿ ಕೊಡುವ ಹಳೆಯ ಕಾರ್ಬೊರೇಟರ್ ಇಲ್ಲದ, ಇಂಜೆಕ್ಷನ್ನಿನ ಕಾರುಗಳು ಆಗತಾನೇ ನಮ್ಮ ಕಡೆಯ ರಸ್ತೆಗಳಲ್ಲಿ ಕಾಣತೊಡಗಿದ್ದವು. ಮೈಸೂರಿನ ಷೋರೂಮಿನ ಹುಡುಗ, “ಸಾರ್, ಇದರೊಳಗೆ ಕಂಪ್ಯೂಟರ್ ಕೂತು ಲೆಕ್ಕ ಹಾಕಿ, ಎಂಜಿನ್ನಿಗೆ ಎಷ್ಟು ಬೇಕೋ ಅಷ್ಟೇ ಪೆಟ್ರೋಲನ್ನು ಸೂಜಿಯಿಂದ ಚಿಮ್ಮಿಸುತ್ತೆ” ಎಂದಾಗ ನಾನು ಎಲ್ಲ ಅರ್ಥವಾದವನಂತೆ ತಲೆಯಾಡಿಸಿ ಅದನ್ನೇ ಕೊಂಡೆ. ಕಾರು ಮನೆಗೆ ಬಂದ ವಾರದಲ್ಲೇ, ಅದರ ಸ್ವಾಗತಕ್ಕೆಂದು ಶೆಡ್ಡಿಗೆ ಮಾವಿನ ತೋರಣ ಕಟ್ಟಲು ಹೋಗಿ ಸ್ಟೂಲಿನ ಮೇಲಿಂದ ಬಿದ್ದೆ. ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಮೊದಲು ಹಿಟ್ಟಿನ ಕಟ್ಟು, ಆಮೇಲೆ ಆಪರೇಷನ್, ಆಮೇಲೆ ಊರುಗೋಲು. ಕಾರು ಹೊದಿಕೆ ಹೊದ್ದು ಶೆಡ್ಡಿನಲ್ಲಿ ಮಲಗಿತು, ನಾನು ಹೊದಿಕೆ ಹೊದ್ದು ಕೋಣೆಯಲ್ಲಿ ಮಲಗಿದೆ.

ಇಲ್ಲಿ ನನ್ನ ಹೆಂಡತಿ ಸರ್ವಮಂಗಳೆಯ ಚಿಕ್ಕವ್ವನ ವಿಷಯ ಹೇಳಬೇಕು. ತಾಯಿಯಿಲ್ಲದ ನನ್ನ ಹೆಂಡತಿಯನ್ನು ಸಾಕಿ ಬೆಳೆಸಿದವರು ಅವರೇ. ಗುಂಡ್ಲುಪೇಟೆಯ ಆಚೆ ಭೀಮನಬೀಡಿನಲ್ಲಿ ಮಗ, ಸೊಸೆಯ ಜೊತೆ ಇದ್ದರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣಿನ ಪೊರೆ ತೀರ ಬಲಿತಿದೆ, ಇನ್ನು ತಡಮಾಡಿದರೆ ಕಣ್ಣೇ ಹೋದೀತು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಡಕೆಗೆ ಸುರಿಯಬೇಕಾದ ನೀರನ್ನು ಒಲೆಗೆ ಸುರಿಯುತ್ತಿದ್ದರು, ಅಂಗಳದಲ್ಲಿ ಬಿದ್ದ ಹಗ್ಗಕ್ಕೆ ಹೆದರುತ್ತಿದ್ದರು. ಆದರೆ ಇಂಜೆಕ್ಷನ್ನಿಗೆ ಅದಕ್ಕಿಂತ ಹೆಚ್ಚು ಹೆದರುತ್ತಿದ್ದರು. ಗುಂಡ್ಲುಪೇಟೆಯಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಶಿಬಿರ ಬಂದಾಗಲೆಲ್ಲ ಅವರಿಗೆ ಒಂದು ನೆಪ ಸಿಗುತ್ತಿತ್ತು. ಒಮ್ಮೆ ಹಸು ಕರು ಹಾಕುವುದರಲ್ಲಿತ್ತು. ಇನ್ನೊಮ್ಮೆ, ಬಸ್ಸು ಹತ್ತಿದರೆ ವಾಂತಿ ಬರುತ್ತದೆ ಎಂದರು. ನಾನು ಬೀಳುವ ಮೊದಲು, ಕಾರು ಕೊಂಡ ಸುದ್ದಿ ತಿಳಿಸಲು ನಾವು ಹೋದಾಗ ಮಾತ್ರ ಸ್ವಲ್ಪ ಸಿಕ್ಕಿಬಿದ್ದರು. “ಇನ್ನು ಬಸ್ಸಿನ ಮಾತೇ ಇಲ್ಲವಲ್ಲ ಚಿಕ್ಕವ್ವ” ಎಂದಳು ಸರ್ವಮಂಗಳ. ಚಿಕ್ಕವ್ವ ಒಂದು ಗಳಿಗೆ ಯೋಚಿಸಿ, “ನೀನೇ ಓಡಿಸ್ಕೊಂಡು ಬಂದು ಕರ್ದ್ರೆ ಬತ್ತೀನಿ ಕಣಮ್ಮಿ, ಓಗು” ಎಂದು ನಕ್ಕರು. ನಮ್ಮ ಬಳಗದಲ್ಲಿ ಹೆಂಗಸರು ಕಾರು ಓಡಿಸಿದ್ದನ್ನು ಕಂಡವರಿಲ್ಲ. ಆ ಮಾತು ಅಲ್ಲಿಗೆ ಮುಗಿಯಿತು ಎಂದು ಚಿಕ್ಕವ್ವ ಅಂದುಕೊಂಡಿರಬೇಕು.

ಮುಗಿಯಲಿಲ್ಲ. ನನ್ನ ಕಾಲಿಗೆ ಕಟ್ಟು ಬಿದ್ದಿದ್ದಾಗಲೇ ಸರ್ವಮಂಗಳ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಸ್ಕೂಲಿನ ಕಾರು ನಮ್ಮ ಮದುವೆಗಿಂತ ಹಿಂದಿನದು. ಯಾವ ಪೆಟ್ರೋಲು ಕುಡಿಸಿದರೂ ಒಂದೆರಡು ಸಲ ಕೆಮ್ಮಿ ನುಂಗಿಕೊಂಡು ಓಡುವ ಜಾತಿ. “ನಮ್ಮದನ್ನೂ ಒಂದು ಸುತ್ತು ಓಡಿಸಬಾರದೇ?” ಎಂದರೆ, “ಪೂರ್ತಿ ಕಲಿಯೋವರೆಗೂ ಹೊಸದನ್ನ ಮುಟ್ಟಲ್ಲ ಕಣ್ರೀ” ಎನ್ನುತ್ತಿದ್ದಳು. ಲೈಸೆನ್ಸು ಕೈಗೆ ಬರುವುದಕ್ಕೂ ಮುಂದಿನ ಶಿಬಿರ ಹತ್ತಿರವಾಗುವುದಕ್ಕೂ ಸರಿಹೋಯಿತು.

ಶಿಬಿರದ ದಿನ ಬೆಳಿಗ್ಗೆ ಹೊದಿಕೆ ತೆಗೆದೆವು. ಬ್ಯಾಟರಿಯನ್ನು ಮೊದಲೇ ಚಾರ್ಜ್ ಮಾಡಿಸಿದ್ದರಿಂದ ಬಹಳ ಹೊತ್ತು ಗೋಗರೆದ ಮೇಲೆ ಎಂಜಿನ್ನು ಎದ್ದಿತು. ಎದ್ದದ್ದೇನೋ ನಿಜ, ಆದರೆ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. “ಇಷ್ಟು ದಿನ ಮಲಗಿತ್ತಲ್ಲ, ಮೈ ಮುರೀತಾ ಇದೆ” ಎಂದು ನಾನು ಧೈರ್ಯ ಹೇಳಿದೆ. ತೆರಕಣಾಂಬಿ ದಾಟುವಷ್ಟರಲ್ಲಿ ಆ ಧೈರ್ಯ ಖರ್ಚಾಗಿತ್ತು. ಏರಿನಲ್ಲಿ ಕಾರು ಮುಗ್ಗರಿಸುತ್ತಿತ್ತು, ವೇಗ ಕಡಿಮೆ ಮಾಡಿದರೆ ಬಿಕ್ಕುತ್ತಿತ್ತು, ನಿಲ್ಲಿಸಿದರೆ ಆರಿಯೇ ಹೋಗುತ್ತಿತ್ತು.

ಗುಂಡ್ಲುಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದೆವು. ಬಾನೆಟ್ಟು ಎತ್ತಿ ಅತ್ತ ಬಗ್ಗಿ ಇತ್ತ ಬಗ್ಗಿ ಹುಡುಕಿದ. ಕೊನೆಗೆ ಗಾಬರಿಯಿಂದ ನನ್ನ ಮುಖ ನೋಡಿ, “ಸಾರ್, ಕಾರ್ಬೊರೇಟ್ರೇ ಇಲ್ವಲ್ಲ! ಯಾರೋ ಬಿಚ್ಕೊಂಡ್ ಓಗವ್ರೆ. ಕಂಪ್ಲೇಂಟ್ ಕೊಟ್ಬುಡಿ” ಎಂದ. ನಾನು ಕಂಪ್ಯೂಟರು, ಸೂಜಿ ಎಂದೆಲ್ಲ ವಿವರಿಸುವ ಉತ್ಸಾಹದಲ್ಲಿದ್ದಾಗ ಸರ್ವಮಂಗಳ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದಳು. “ರೀ, ಇಲ್ಲಿ ಬನ್ನಿ. ಇದು ಪೆಟ್ರೋಲ್ ವಾಸನೆನಾ? ಬಾಗಿಲಿಗೆ ಬಳಿಯೋ ವಾರ್ನಿಷ್ ಥರ ಇದೆಯಲ್ಲ!” ನಾನೂ ಮೂಸಿದೆ, ಮೆಕ್ಯಾನಿಕ್ಕೂ ಮೂಸಿದ. ಮೂವರೂ ಮುಖ ಹಿಂಡಿಕೊಂಡೆವು. ಟ್ಯಾಂಕು ಇಳಿಸಿ ಖಾಲಿ ಮಾಡಲು ಮಧ್ಯಾಹ್ನವಾಗುತ್ತದೆ ಎಂದ ಆತ. ಶಿಬಿರದವರು ಹೊಸಬರ ಹೆಸರು ಬರೆದುಕೊಳ್ಳುವುದು ಮಧ್ಯಾಹ್ನದವರೆಗೆ ಮಾತ್ರ. ಸದ್ಯಕ್ಕೆ ಹೊಸ ಪೆಟ್ರೋಲು ಬೆರೆಸಿ ನೋಡೋಣವೆಂದು ಬಂಕಿಗೆ ಹೋಗಿ ಹಿಡಿಸಿದಷ್ಟು ತುಂಬಿಸಿದೆವು. ನಡುಕ ಸ್ವಲ್ಪ ಕಡಿಮೆಯಾಯಿತು. “ಆಕ್ಸಲರೇಟರ್ ಮ್ಯಾಗಿಂದ ಕಾಲು ಎತ್ಬೇಡಿ ಅಕ್ಕ” ಎಂದು ಮೆಕ್ಯಾನಿಕ್ ಕೈಮುಗಿದು ಕಳಿಸಿಕೊಟ್ಟ.

ಭೀಮನಬೀಡಿನಲ್ಲಿ ಚಿಕ್ಕವ್ವನ ಮನೆಯ ಮುಂದೆ ಕಾರು ತಾನಾಗಿಯೇ ಆರಿ ನಿಂತಿತು. ಚಿಕ್ಕವ್ವ ಗೋಡೆ ಸವರಿಕೊಂಡು ಹೊರಗೆ ಬಂದರು. “ಯಾರು ಓಡಿಸ್ಕೊಂಡು ಬಂದದ್ದು?”

“ನಾನೇ ಚಿಕ್ಕವ್ವ.”

ಅವರು ನಂಬಲಿಲ್ಲ. ಕಾರಿನ ಬಾಗಿಲು ತಡವಿ, ಒಳಗೆ ಕೈ ಚಾಚಿ, ಸ್ಟಿಯರಿಂಗ್ ಮೇಲಿದ್ದ ಸರ್ವಮಂಗಳೆಯ ಕೈಗಳನ್ನು ಮುಟ್ಟಿ ನೋಡಿದರು. ಬೆವರಿ ಒದ್ದೆಯಾಗಿದ್ದ ಆ ಕೈಗಳನ್ನು ಸ್ವಲ್ಪ ಹೊತ್ತು ಬಿಡಲೇ ಇಲ್ಲ. “ನನ್ ಸಲುವಾಗಿ ಕಲ್ತ್ಕೊಂಡ್ಯಾ, ಮಗ?” ಎಂದರು. ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು.

ಕಾರು ಸ್ಟಾರ್ಟ್ ಆಗಲಿಲ್ಲ. ಚಿಕ್ಕವ್ವನ ಮುಖದಲ್ಲಿ ಕಳೆ ಬಂತು. “ಏನಾಗದೆ ಇದ್ಕೆ?” ಎಂದರು. ಇದು ಇಂಜೆಕ್ಷನ್ ಕಾರು, ಸೂಜಿಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ನಾನು ಹೇಳಿದ್ದು ತಪ್ಪಾಯಿತು. “ನೋಡ್ದಾ! ಇಂಜೆಕ್ಷನ್ ಚುಚ್ಚಿಸ್ಕೊಂಡ್ ಕಾರೇ ಹಿಂಗ್ ಬಿದ್ಕೊಂಡದೆ, ಇನ್ನು ನನ್ ಗತಿ ಏನು? ಇಳೀತೀನಿ ಬುಡು” ಎಂದು ಬಾಗಿಲಿಗೆ ಕೈ ಹಾಕಿದರು. ಅಷ್ಟರಲ್ಲಿ ಬೀದಿಯವರೆಲ್ಲ ಕಾರಿನ ಹಿಂದೆ ಸೇರಿದ್ದರು. “ತಳ್ರಲಾ, ಅವ್ವ ಕಣ್ಣಾಸ್ಪತ್ರೆಗೆ ಓಯ್ತಾಳೆ ಕಣ್ರಲಾ!” ಎಂದು ಯಾರೋ ಕೂಗಿದ್ದೇ ತಡ, ಹೊಲಕ್ಕೆ ಹೊರಟಿದ್ದವರು, ಪಂಚಾಯ್ತಿ ಕಟ್ಟೆಯ ಮೇಲೆ ಕೂತಿದ್ದವರು ಎಲ್ಲರೂ ಕೈಹಚ್ಚಿದರು. ಊರಿಗೆ ಊರೇ ತನಗಾಗಿ ಹೆಗಲು ಕೊಟ್ಟಿರುವಾಗ ಇಳಿದುಹೋಗುವುದು ಹೇಗೆ? ಚಿಕ್ಕವ್ವ ಕೈ ಹಿಂದಕ್ಕೆ ತೆಗೆದುಕೊಂಡರು. ಊರ ಬಾಗಿಲ ತನಕ ತಳ್ಳಿದ ಮೇಲೆ ಎಂಜಿನ್ನು ಗುಟುರು ಹಾಕಿ ಎದ್ದಿತು.

ದೊಡ್ಡ ರಸ್ತೆ ಸೇರುತ್ತಲೇ ಚಿಕ್ಕವ್ವನ ಧೈರ್ಯ ಮತ್ತೆ ಕೈಕೊಟ್ಟಿತು. “ನಿಲ್ಸು ಮಂಗಳಿ, ಎದೆ ಡವಡವ ಅಂತದೆ. ಮುಂದಿನ್ ವರ್ಷ ಓಗನ.”

“ನಿಲ್ಸಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಚಿಕ್ಕವ್ವ.”

“ಮೆಲ್ಲಗಾರ ಓಡ್ಸು, ಇಳ್ಕತೀನಿ.”

“ಮೆಲ್ಲಗೆ ಓಡಿಸಿದ್ರೂ ನಿಂತೋಗುತ್ತೆ.”

“ಮತ್ತೆ ಎಲ್ ನಿಲ್ಸೀಯವ್ವ ಇದ?”

“ಡಾಕ್ಟ್ರ ಮುಂದೆ” ಎಂದಳು ಸರ್ವಮಂಗಳ, ರಸ್ತೆಯಿಂದ ಕಣ್ಣು ತೆಗೆಯದೆ. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಹಿಂದಿನ ಸೀಟಿನಲ್ಲಿ ಕೂತು ಮೊದಲ ಸಲ ಕೇಳಿದೆ. ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ಹಾರ್ನ್ ಮೇಲಿಂದ ಕೈಯನ್ನೂ ಆಕ್ಸಲರೇಟರ್ ಮೇಲಿಂದ ಕಾಲನ್ನೂ ತೆಗೆಯದೆ, ಎತ್ತಿನ ಗಾಡಿಗಳ ಪಕ್ಕದಲ್ಲಿ, ಕೇರಳದ ಬಸ್ಸಿನ ಹಿಂದೆ, ಬಾಳೆಕಾಯಿ ಲಾರಿಯ ಮುಂದೆ ನುಗ್ಗಿಸಿಕೊಂಡು ಹೋಗಿ ಶಿಬಿರ ನಡೆಯುತ್ತಿದ್ದ ಶಾಲೆಯ ಗೇಟಿನಲ್ಲಿ ಕಾಲೆತ್ತಿದಳು. ಕಾರು ಒಮ್ಮೆ ಬಿಕ್ಕಿ ಸುಮ್ಮನಾಯಿತು. ಹೆಸರು ಬರೆದುಕೊಳ್ಳುತ್ತಿದ್ದವರು ಮೇಜು ಎತ್ತುವುದರಲ್ಲಿದ್ದರು. ಚಿಕ್ಕವ್ವನನ್ನು ಕಂಡು ಮತ್ತೆ ಇಳಿಸಿದರು.

ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಸರ್ವಮಂಗಳ ಶಾಲೆಯ ಜಗುಲಿಯ ಮೇಲೆ ಕೂತು ಅತ್ತಳು. ನಾನು ಸಮಾಧಾನ ಮಾಡಲು ಹೋದರೆ, “ಅಳು ಅಲ್ಲ ಕಣ್ರೀ, ಕಾಲು ನೋವು” ಎಂದು ಮೂಗು ಒರೆಸಿಕೊಂಡಳು.

ಮಾರನೆಯ ದಿನ ಮೈಸೂರಿನಿಂದ ಬಂದ ಕಂಪನಿಯವರು ಟ್ಯಾಂಕು ಖಾಲಿ ಮಾಡಿ, ಫಿಲ್ಟರ್ ಬದಲಿಸಿ, ಇಂಜೆಕ್ಟರುಗಳನ್ನು ತೊಳೆದು ಕೊಟ್ಟರು. ಪೆಟ್ರೋಲು ಬಹಳ ದಿನ ನಿಂತರೆ ಅದರಲ್ಲಿನ ಹಗುರವಾದ ಅಂಶ ಹಾರಿಹೋಗಿ ಬೇಗ ಹೊತ್ತಿಕೊಳ್ಳುವ ಗುಣ ಹೋಗುತ್ತದಂತೆ. ಉಳಿದದ್ದು ಅಂಟಾಗಿ, ಇಂಜೆಕ್ಟರಿನ ಕೂದಲೆಳೆಯಷ್ಟು ಸಣ್ಣನೆಯ ತೂತುಗಳಲ್ಲಿ ಕಟ್ಟಿಕೊಳ್ಳುತ್ತದಂತೆ. ಈ ಜ್ಞಾನವನ್ನೆಲ್ಲ ಹೊತ್ತುಕೊಂಡು ನಾನು ಚಿಕ್ಕವ್ವನ ಹಾಸಿಗೆಯ ಹತ್ತಿರ ಹೋದೆ. ಆಪರೇಷನ್ ಆದ ಬಲಗಣ್ಣಿನ ಕಟ್ಟನ್ನು ಆಗತಾನೇ ಬಿಚ್ಚಿದ್ದರು. ಅವರು ಸರ್ವಮಂಗಳೆಯ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದರು. “ಇನ್ನೊಂದ್ ಕಣ್ಣು ಯಾವಾಗ ಮಾಡ್ತಾರಂತೆ ಕೇಳು” ಎಂದರು.

ಸಮಯ ನೋಡಿ ನಾನು ಶುರುಮಾಡಿದೆ. ಕಾರು ಯಾಕೆ ಎಳೆಯಲಿಲ್ಲ, ಹಳೆಯ ಪೆಟ್ರೋಲು ಏನೇನು ಮಾಡುತ್ತದೆ, ಎಲ್ಲವನ್ನೂ ತರಗತಿಯಲ್ಲಿ ಹೇಳುವ ಹಾಗೆ ವಿವರಿಸಿದೆ. ಚಿಕ್ಕವ್ವ ಹೊಸ ಕಣ್ಣಿನಿಂದ ನನ್ನನ್ನು ತಲೆಯಿಂದ ಕಾಲಿನವರೆಗೆ, ಮುಖ್ಯವಾಗಿ ನಡುಭಾಗವನ್ನು, ನಿಧಾನವಾಗಿ ನೋಡಿದರು.

“ಪಾಪ, ಪೆಟ್ರೋಲ್ ಮ್ಯಾಲ್ ಯಾಕೆ ತಪ್ಪೊರಿಸ್ತೀರಿ ಅಳಿಮಯ್ಯ?” ಎಂದರು. “ಇಷ್ಟ್ ದಿನ ಮಸುಕುಮಸುಕಾಗಿ ಕಾಣ್ತಿದ್ರಿ. ಈಗ ಗೊತ್ತಾಯ್ತು, ಕಾರು ಯಾಕ್ ಏದುಸಿರು ಬುಡ್ತಿತ್ತು ಅಂತ.”

ಪಕ್ಕದ ಹಾಸಿಗೆಯವರೂ ನಕ್ಕರು. ವಾಪಸು ಬರುವಾಗ ಕಾರು ಸದ್ದೇ ಇಲ್ಲದೆ ಹೂವಿನ ಹಾಗೆ ಓಡಿತು. ಆದರೂ ಏರು ಬಂದಾಗಲೆಲ್ಲ ನಾನು ಹಿಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು, ಸಾಧ್ಯವಾದಷ್ಟು ಹಗುರವಾಗಿ ಕೂರಲು ಪ್ರಯತ್ನಿಸುತ್ತಿದ್ದೆ.