ಕಾಡುಕೋಣ ಗುದ್ದಿದ ಕಾರು

ನಮ್ಮ ಮನೆಯಲ್ಲಿ ನನ್ನ ಆಡಳಿತಕ್ಕೆ ಒಳಪಟ್ಟ ವಸ್ತು ಒಂದೇ, ಕಾರಿನ ಕೀಲಿ. ಟಿವಿ ರಿಮೋಟ್ ಮದುವೆಯಾದ ವರ್ಷವೇ ಕೈತಪ್ಪಿತ್ತು. (ಹೋರಾಡಿ ಸೋತೆ ಎಂದು ಬರೆಯಲು ಆಸೆ. ಹೋರಾಟವೇ ನಡೆಯಲಿಲ್ಲ.) ಹೆಂಡತಿ ಪ್ರತಿಭಾಳಿಗೂ ಲೈಸೆನ್ಸ್ ಇದೆ. "ನಿಂಗೆ ರಿವರ್ಸ್ ಬರದಿಲ್ಲ ಮಾರಾಯ್ತಿ" ಎಂದು ಹೇಳಿ ಹೇಳಿಯೇ ನಾನು ಸಾರಥ್ಯ ಉಳಿಸಿಕೊಂಡಿದ್ದೆ.

ಅಂಥ ನಾನು ಮೊನ್ನೆ ಸೋಮವಾರ ರಿವರ್ಸ್ ತೆಗೆಯಲು ಹೋಗಿ ನಮ್ಮದೇ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಗುದ್ದಿದೆ. ಬಂಪರ್ ಜೋತುಬಿತ್ತು, ಹಿಂದಿನ ಕೆಂಪು ದೀಪ ಪುಡಿಯಾಯಿತು. ಕಲ್ಲು ಕ್ಷೇಮವಾಗಿತ್ತು. ಪುಣ್ಯಕ್ಕೆ ಪ್ರತಿಭಾ ಮನೆಯಲ್ಲಿರಲಿಲ್ಲ, ಮಹಿಳಾ ಸಂಘದ ಮೀಟಿಂಗಿಗೆ ಹೋಗಿದ್ದಳು. ನಿಜ ಹೇಳಿದರೆ ಕೀಲಿ ಅವಳ ಪಾಲು! ಹಾಗಾಗಿ ಶಿರಸಿ ಕಡೆ ಒಂದು ಸುತ್ತು ಹೋಗಿ, ಅವಳು ಬಂದ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ನಮ್ಮೂರು ವಾನಳ್ಳಿಗೆ ಮರಳಿದೆ.

"ಎಂತ ಆತ್ರೀ?"

"ಕಾಡುಕೋಣ ಗುದ್ತು."

ಆಮೇಲಿನದು ನನ್ನ ದಾಂಪತ್ಯದ ಸುವರ್ಣಯುಗ. ಸೊಂಟಕ್ಕೆ ಬಿಸಿ ಎಣ್ಣೆ, ಗಂಟೆಗೊಂದು ಕಷಾಯ, ಕೇಳದೆಯೇ ತಟ್ಟೆಗೆ ಸಿಹಿ ತೊಡೆದೇವು. ಪಕ್ಕದ ಮನೆಯ ಕೆರಿಯಪ್ಪ ವಿಚಾರಿಸಲು ಬಂದಾಗಲೆಲ್ಲ ನಾನು ಕೋಣವನ್ನು ಇನ್ನಷ್ಟು ಬೆಳೆಸಿದೆ. ಅವನು ಅದನ್ನು ಊರಿಗೆಲ್ಲ ಹಂಚಿದ.

ಬುಧವಾರ ವಿಮಾ ಕಂಪನಿಯ ಸರ್ವೇಯರ್ ಬಸವರಾಜ ಬಂದರು. ಹಾವೇರಿ ಕಡೆಯವರು. ಕಾರಿನ ಹಿಂದೆ ಬಗ್ಗಿ ಬಹಳ ಹೊತ್ತು ನೋಡಿದರು.

"ಕ್ವಾಣ ಹಿಂದಿನಿಂದ ಬಂತೇನ್ರಿ?"

"ಹೌದು ಸಾರ್."

"ನೀವು ಮುಂದ ಹೊಂಟಿದ್ರಿ?"

"ಹೌದು."

"ಅಂದ್ರ ನಿಮ್ಮನ್ನ ಓವರ್‌ಟೇಕ್ ಮಾಡಾಕ ಬಂದಿತ್ತೇನ್ರಿ ಅದು?"

ಪ್ರತಿಭಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಾಪ, ಅಳು ತಡೆಯುತ್ತಿದ್ದಾಳೆ ಎಂದುಕೊಂಡೆ.

ಅಷ್ಟರಲ್ಲಿ ಕೆರಿಯಪ್ಪ ದೊಣ್ಣೆ ಹಿಡಿದ ಆರೇಳು ಮಂದಿಯೊಡನೆ ಅಂಗಳಕ್ಕಿಳಿದ. "ನಡಿಯಾ ಮನೋಹರ, ಜಾಗ ತೋರ್ಸು. ಪೆಟ್ಟು ತಿಂದ ಕೋಣನ್ನ ಹಂಗೇ ಬಿಡಾಕಾಗ್ತದಾ? ಹೆಂಗಸ್ರು ಕಾಡಿಗೆ ಸೊಪ್ಪು ತರಾಕೆ ಹೋಗೋದೇ ಬಿಟ್ಟಿದಾರೆ. ನೀನೇ ಮುಂದೆ ನಡಿ. ಅದ್ರ ಗುರ್ತು ನಿಂಗೊಬ್ಬಂಗೇ ಇರೋದು."

ನನ್ನ ಕೋಣ ಸುಳ್ಳು, ಒಪ್ಪುತ್ತೇನೆ. ಆದರೆ ಕಾಡಿನಲ್ಲಿರುವವು ಸುಳ್ಳಲ್ಲವಲ್ಲ!

"ಕೋಣ ಅಲ್ಲ ಮಾರಾಯಾ," ಎಂದೆ, "ಒಗಿಯೋ ಕಲ್ಲು."

ಕೆರಿಯಪ್ಪ ಎಷ್ಟು ನಕ್ಕನೆಂದರೆ, ದೊಣ್ಣೆ ಊರಿಕೊಂಡೇ ಮನೆಗೆ ಹೋಗಬೇಕಾಯಿತು. ಬಸವರಾಜರು ಮಾತ್ರ ತಣ್ಣಗೆ ಹೇಳಿದರು: "ಕಲ್ಲಿಗೆ ಗುದ್ದಿದ್ರೂ ವಿಮಾ ಬರ್ತೈತ್ರಿ. ಸೀದಾ ಹೇಳಿದ್ರ ಮುಗೀತಿತ್ತು. ನಾನಿನ್ನೂ ಏನೂ ಬರ್ಕೊಂಡಿಲ್ಲ, ನಡೀರಿ, ಕಲ್ಲು ತೋರಸ್ರಿ."

ಪ್ರತಿಭಾ ಒಳಗಿನಿಂದ ಒಂದು ಡಬ್ಬಿ ತಂದಳು. ಅದರ ತುಂಬ ಕೆಂಪು ದೀಪದ ಚೂರು. "ಇದೂ ಬೇಕೇನ್ರಿ ಸಾರ್? ಸೋಮವಾರ ಸಂಜೇನೇ ಕಲ್ಲಿನ ಬುಡದಲ್ಲಿ ಸಿಕ್ತು."

"ಗೊತ್ತಿದ್ದೂ ಎಣ್ಣೆ ತಿಕ್ಕಿದ್ಯನೇ?"

"ಕೋಣ ಸುಳ್ಳಾದ್ರೂ ಗುದ್ದಿದ್ದು ಖರೆ ಅಲ್ದಾ? ಸೊಂಟ ಉಳುಕಿದ್ರೆ ಅಂತ ಹೆದ್ರಿಕೆ ಆತು."

ಆ ಮಾತಿಗೆ ನನಗೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ಅವಳು ಕೈ ಚಾಚಿದಳು. ಕೀಲಿ ಕೊಟ್ಟೆ.

ಕಾರು ರಿಪೇರಿಯಾಗಿ ಬಂದ ಮೇಲೆ ಅವಳ ತವರು ತ್ಯಾಗಲಿಗೆ ಹೊರಟೆವು. ಸ್ಟೀರಿಂಗ್ ಹಿಡಿದ ಪ್ರತಿಭಾ ಸಲೀಸಾಗಿ ರಿವರ್ಸ್ ತೆಗೆಯುತ್ತಾ ಕಲ್ಲಿನ ಹತ್ತಿರ ನಿಲ್ಲಿಸಿದಳು.

"ಇಳ್ದು ಸ್ವಲ್ಪ ಹಿಂದೆ ನೋಡ್ರೀ. ಕೋಣ ಗೀಣ ಇದ್ಯಾ?"

ಇಳಿದೆ. ಕಲ್ಲಿನ ಪಕ್ಕ ನಿಂತು ಕೈ ಬೀಸಿದೆ. "ಎಂತದೂ ಇಲ್ಲ. ಬಾ, ಬಾ."