ಒಂದಾಗಲು ಆರು ತಿಂಗಳು

ಸಮಾಜಸೇವೆಯ ಆಫೀಸಿನಲ್ಲಿ ಸಂಬಳಕ್ಕಿರುವವನ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಡೆಯುವಾಗ ಮಾತ್ರ ನಗು ಬರುವುದಿಲ್ಲ, ಬೆವರು ಬರುತ್ತದೆ.

ರಾಮನಗರದ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಹದಿನೆಂಟು ವರ್ಷದಿಂದ ಮ್ಯಾನೇಜರ್. ರೇಷ್ಮೆ ನೂಲು ತೆಗೆಯುವ ಮನೆಗಳ ಹೆಂಗಸರಿಗೆ ಹೊಲಿಗೆ, ಓದು-ಬರಹ ಕಲಿಸುವುದು ನಮ್ಮ ಕೆಲಸ. ಹನ್ನೆರಡು ಕಿಲೋಮೀಟರ್ ಆಚೆ ಚನ್ನಪಟ್ಟಣದಲ್ಲಿ, ಗೊಂಬೆ ಮಾಡುವವರ ಮನೆಯ ಹೆಂಗಸರಿಗೆ ಅದನ್ನೇ ಕಲಿಸುವ ಇನ್ನೊಂದು ಸಂಸ್ಥೆ ಇತ್ತು. ಅಲ್ಲಿಯ ಮ್ಯಾನೇಜರ್ ಒಬ್ಬ ಮೇಡಂ. ಎರಡೂ ಸಂಸ್ಥೆಗೆ ಅನುದಾನ ಕೊಡುತ್ತಿದ್ದ ಬೆಂಗಳೂರಿನ ಟ್ರಸ್ಟಿಗೆ ಒಂದು ದಿನ ಹೊಳೆಯಿತು: ಇವರು ಯಾಕೆ ಒಂದಾಗಬಾರದು? ಒಂದಾದ ಮೇಲೆ ಇಬ್ಬರು ಮ್ಯಾನೇಜರ್ ಯಾಕೆ ಎಂಬುದು ನನಗೆ ಆ ಕ್ಷಣವೇ ಹೊಳೆಯಿತು. ನಲವತ್ತಾರು ವಯಸ್ಸಿಗೆ ಹೊಸ ಕೆಲಸ ಯಾರು ಕೊಡುತ್ತಾರೆ? ಆಮೇಲಿನ ಆರು ತಿಂಗಳು ನಾನು ನೆಟ್ಟಗೆ ಊಟ ಮಾಡಲಿಲ್ಲ.

ಯೋಚನೆಗೆ ಅನುದಾನ

ಟ್ರಸ್ಟಿನ ಪತ್ರ ಬಂದಾಗ ಅದನ್ನು ಅಧ್ಯಕ್ಷರಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಅಧ್ಯಕ್ಷರು ಕನಕಪುರ ಕಡೆಯ ಗೌಡರು. ಹಿಪ್ಪುನೇರಳೆ ತೋಟ, ಹುಳದ ಮನೆ ಎಲ್ಲ ಇರುವ ಸ್ಥಿತಿವಂತರು. ವಾರಕ್ಕೊಮ್ಮೆ ಬಂದು, ಸೈನು ಹಾಕಿ, ಎರಡು ಮಾತು ಬೈದು, ಟೀ ಕುಡಿದು ಹೋಗುವ ಪದ್ಧತಿ.

ನಾನು ಓದತೊಡಗಿದೆ. "ಎರಡು ಸಂಸ್ಥೆಗಳು ದೀರ್ಘಕಾಲ ಜೊತೆಯಾಗಿ ಕೆಲಸ ಮಾಡುವ ಅಥವಾ ವಿಲೀನವಾಗುವ ಸಾಧ್ಯತೆಯ ಬಗ್ಗೆ ಯೋಚಿಸಲು ಆರು ತಿಂಗಳ ಅನುದಾನ ನೀಡಲಾಗುವುದು..."

"ಒಸಿ ತಡಿ," ಅಂದರು ಗೌಡರು. "ಒಂದಾಗಕ್ಕೆ ದುಡ್ಡಾ, ಯೋಚ್ನೆ ಮಾಡಕ್ಕೆ ದುಡ್ಡಾ?"

"ಯೋಚ್ನೆ ಮಾಡೋದಕ್ಕೆ ಸಾರ್. ಯೋಚ್ನೆ ಮಾಡಿ ಬೇಡ ಅಂದ್ರೂ ವಾಪಸ್ ಕೇಳಲ್ಲವಂತೆ."

ಗೌಡರು ಟೀ ಲೋಟ ಕೆಳಗಿಟ್ಟು ಬೆರಳು ಮಡಿಸಿ ಎಣಿಸತೊಡಗಿದರು. ವಿಲೀನದ ಬಗ್ಗೆ ಚಿಂತೆಗೆ ಬಿದ್ದರೇನೋ, ನನ್ನ ಗತಿ ಏನೆಂದು ಲೆಕ್ಕ ಹಾಕುತ್ತಿದ್ದಾರೇನೋ ಎಂದು ನಾನು ಅವರ ಬೆರಳನ್ನೇ ನೋಡಿದೆ.

ಕೊನೆಗೆ ಅವರು ನಿಟ್ಟುಸಿರು ಬಿಟ್ಟರು. "ಥೂ, ಇಷ್ಟ್ ವರ್ಸ ಪುಕ್ಸಟ್ಟೆ ಯೋಚ್ನೆ ಮಾಡ್ಬುಟ್ನಲ್ಲಯ್ಯ!"

ಯಾರು ಯಾರ ಮನೆಗೆ

ಮೊದಲ ಸಭೆ ಎಲ್ಲಿ ಎಂಬುದಕ್ಕೇ ಮೂರು ವಾರ ಹೋಯಿತು. ಅವರು ಇಲ್ಲಿಗೆ ಬರಲಿ ಎಂದು ಗೌಡರು. ಅವರೇ ಇಲ್ಲಿಗೆ ಬರಲಿ ಎಂದು ಚನ್ನಪಟ್ಟಣದ ಅಧ್ಯಕ್ಷರು. ಆ ಹಿರಿಯರು ಗೊಂಬೆ ವ್ಯಾಪಾರದ ಸಾಹೇಬರು. ಯಾವಾಗಲೂ ಬಿಳಿ ಟೋಪಿ, ಹೆಗಲ ಮೇಲೆ ಮಡಿಸಿದ ಶಾಲು, ಬೆಣ್ಣೆಯಂಥ ಮಾತು. ಮಾತು ಬೆಣ್ಣೆಯಾದರೂ ಹಟ ಗೌಡರದಕ್ಕಿಂತ ಒಂದು ತೂಕ ಹೆಚ್ಚೇ. ಮೊದಲು ಹೋದವರು ಹೆಣ್ಣಿನ ಕಡೆಯವರಂತೆ ಕೈಕಟ್ಟಿ ನಿಲ್ಲಬೇಕಾಗುತ್ತದೆ ಎಂಬ ಭಯ ಇಬ್ಬರಿಗೂ.

ಕೊನೆಗೆ ಟ್ರಸ್ಟಿನ ಆಫೀಸರ್ ನಡುದಾರಿಯ ಕೆಂಗಲ್ ಹತ್ತಿರ ಒಂದು ಹೋಟೆಲಿನಲ್ಲಿ ಸೇರೋಣ ಎಂದರು. ಉದ್ದ ಮೇಜಿನ ಈ ಕಡೆ ನಾವು, ಆ ಕಡೆ ಅವರು, ತುದಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡ ಆಫೀಸರ್. ನನ್ನೆದುರಿಗೆ ಮೇಡಂ. ಅವರು ನನ್ನ ಫೈಲನ್ನೂ ನಾನು ಅವರ ಫೈಲನ್ನೂ ನೋಡುತ್ತಿದ್ದೆವೇ ಹೊರತು ಮುಖ ನೋಡಲಿಲ್ಲ.

ತಿಂಡಿ ಹೇಳುವವರು ಯಾರು? ಹೇಳಿದವರು ಮನೆಯವರಾಗುತ್ತಾರೆ, ಉಳಿದವರು ನೆಂಟರಾಗುತ್ತಾರೆ. ಗೌಡರು ಹೇಳಲಿಲ್ಲ, ಸಾಹೇಬರು ಹೇಳಲಿಲ್ಲ. ಇದು ಅರ್ಥವಾಗದ ಆಫೀಸರ್ "ಸಹಯೋಗದ ನಾಲ್ಕು ಹಂತ" ಎಂಬ ಪಾಠ ಶುರು ಮಾಡಿದರು. ಒಂದೂವರೆ ಗಂಟೆ ಬರೀ ನೀರಿನ ಮೇಲೆ ನಡೆಯಿತು. ನಾನೋ ಗಾಬರಿಯಲ್ಲಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೊಟ್ಟೆ ಗುರುಗುಟ್ಟುವುದು ಆ ಕಡೆಯವರಿಗೂ ಕೇಳಿಸುವಂತಿತ್ತು.

ನಾಲ್ಕನೇ ಸಲ ನೀರು ತುಂಬಲು ಬಂದ ಸಪ್ಲೈಯರ್‌ಗೆ ಕೊನೆಗೂ ತಡೆಯಲಾಗಲಿಲ್ಲ. ಎರಡೂ ಕಡೆಯವರ ಮುಖ ನೋಡಿ ಕೇಳಿದ: "ಒಂದ್ ಹೇಳ್ಬುಡಿ ಸಾ. ಇದು ಮದ್ವೆ ಮಾತುಕತೆನಾ, ಪಾಲುಪಾರಿಕತ್ತಾ? ಮದ್ವೆ ಆದ್ರೆ ಕೇಸರಿಬಾತ್ ತತ್ತೀನಿ. ಪಾಲಾದ್ರೆ ಬರೀ ಟೀ ಸಾಕು."

ಸೊಂಟನೋವು

ಒಬ್ಬರ ಆಫೀಸಿನ ಕೆಲಸವನ್ನು ಇನ್ನೊಬ್ಬರು ಒಂದು ದಿನ ಕೂತು ನೋಡಬೇಕು ಎಂದು ಆಫೀಸರ್ ಅಪ್ಪಣೆ. ನಾನು ಚನ್ನಪಟ್ಟಣಕ್ಕೆ ಹೋದೆ. ಆಫೀಸು ಚೊಕ್ಕಟವಾಗಿತ್ತು. ಫೈಲುಗಳಿಗೆಲ್ಲ ಬಣ್ಣಬಣ್ಣದ ಚೀಟಿ. ನಮ್ಮಲ್ಲಿ ಫೈಲು ಹುಡುಕಬೇಕಾದರೆ ಮೊದಲು ದೇವರನ್ನು ನೆನೆಯಬೇಕು.

"ಬನ್ನಿ ಅಣ್ಣ, ಕೂತ್ಕೊಳ್ಳಿ," ಎಂದು ಮೇಡಂ ತಾವು ಎದ್ದು ತಮ್ಮ ಕುರ್ಚಿಯನ್ನೇ ತೋರಿಸಿದರು. ಇದ್ದದ್ದರಲ್ಲಿ ಅದೇ ಒಳ್ಳೆಯ ಕುರ್ಚಿ. ಬಂದವರಿಗೆ ಒಳ್ಳೆಯದನ್ನು ಕೊಡುವುದು ಅವರ ಮನೆಯ ರೂಢಿ ಇರಬಹುದು. ನನಗೆ ಮಾತ್ರ ಕುತ್ತಿಗೆಗೆ ಬಂತು. ಕೂತರೆ ಅವರ ಜಾಗಕ್ಕೆ ಟವೆಲ್ ಹಾಕಿದಂತೆ. ಕೂರದಿದ್ದರೆ ಮರ್ಯಾದೆ ಕೊಟ್ಟವರಿಗೆ ಅವಮಾನ ಮಾಡಿದಂತೆ.

"ಬೇಡ ಮೇಡಂ, ಸೊಂಟನೋವು. ಡಾಕ್ಟರು ನಿಂತೇ ಇರಿ ಅಂದಿದಾರೆ," ಎಂದುಬಿಟ್ಟೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಿಂತೇ ಇದ್ದೆ. ನನ್ನ ಮನೆಯಿರುವುದು ಮಾಗಡಿಯಲ್ಲಿ; ಆ ಬಸ್ಸಿನಲ್ಲೂ ಸೀಟು ಸಿಗದೆ, ಮನೆ ಮುಟ್ಟುವ ಹೊತ್ತಿಗೆ ಸೊಂಟ ನಿಜವಾಗಿಯೂ ಹಿಡಿದುಕೊಂಡಿತ್ತು. ಹೆಂಡತಿ ಎಣ್ಣೆ ತಿಕ್ಕುತ್ತಾ, "ಕೆಲ್ಸ ಉಳಿಸ್ಕೊಳಿ ಅಂದ್ರೆ ಮೈ ಕಳ್ಕೊಂಡ್ ಬತ್ತೀರಲ್ಲ," ಅಂದಳು.

ಮುಂದಿನ ವಾರ ಮೇಡಂ ನಮ್ಮಲ್ಲಿಗೆ ಬಂದರು. ನಾನೂ ಬಿಡಲಿಲ್ಲ. ಎದ್ದು ನಿಂತು ನನ್ನ ಕುರ್ಚಿಯನ್ನು ಪಂಚೆಯ ಚುಂಗಿನಿಂದ ಒರೆಸಿ, "ಕೂತ್ಕೊಳ್ಳಿ ಮೇಡಂ," ಎಂದೆ.

ಅವರು ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದರು.

"ನಂಗೂ ಶುರುವಾಗಿದೆ ಅಣ್ಣ, ಸೊಂಟನೋವು."

ಐದು ಪುಟ

ಆಮೇಲೆ ಒಂದು ಫಾರಂ ಬಂತು. "ನೀವು ಮಾಡುವ ಕೆಲಸಗಳನ್ನೆಲ್ಲ ಬರೆಯಿರಿ." ಕೆಳಗೆ ಐದು ಗೆರೆ ಮಾತ್ರ ಜಾಗ. ಇದೇ ನನ್ನ ತಲೆಬರಹ ಎಂದುಕೊಂಡು ಐದು ಪುಟ ಲಗತ್ತಿಸಿದೆ. ವರದಿ ಬರೆಯುವುದರಿಂದ ಹಿಡಿದು ಟ್ಯಾಂಕಿನ ಪಾಚಿ ತೆಗೆಯುವವರೆಗೆ, ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುವುದರಿಂದ ಹಿಡಿದು ಕಾಂಪೌಂಡಿಗೆ ನುಗ್ಗುವ ಮೇಕೆ ಓಡಿಸುವವರೆಗೆ ಒಂದೂ ಬಿಡಲಿಲ್ಲ. ನಾನಿಲ್ಲದಿದ್ದರೆ ಸಂಸ್ಥೆ ಮಾರನೇ ದಿನ ಮಣ್ಣುಪಾಲು ಎಂದು ಓದಿದವರಿಗೆ ಅನ್ನಿಸಬೇಕು.

ಅದನ್ನು ಆಫೀಸರ್ ಮಾತ್ರ ಓದುತ್ತಾರೆ ಎಂದುಕೊಂಡಿದ್ದೆ. ಅವರು ಎರಡೂ ಕಡೆಯವರು ಕೂತಿದ್ದ ಸಭೆಯಲ್ಲಿ ಗಟ್ಟಿಯಾಗಿ ಓದತೊಡಗಿದರು. ಮೊದಲ ಪುಟಕ್ಕೆ ಎಲ್ಲರೂ ತಲೆದೂಗಿದರು. ಎರಡನೆಯದಕ್ಕೆ ಸಾಹೇಬರು "ವಾಹ್" ಎಂದರು. ಮೂರನೇ ಪುಟದಲ್ಲಿ ಏನು ಬರೆದಿದ್ದೇನೆಂದು ಆಗ ನೆನಪಾಯಿತು. ಕೈ ಮೇಲೆತ್ತಿದೆ, ಆಫೀಸರ್ ಕಣ್ಣು ಹಾಳೆಯ ಮೇಲೇ ಇತ್ತು.

"ಅಧ್ಯಕ್ಷರ ಭಾಷಣ ಬರೆದುಕೊಡುವುದು," ಎಂದು ಓದಿದರು ಆಫೀಸರ್. "ಅಧ್ಯಕ್ಷರು ಭಾಷಣ ಮನೆಯಲ್ಲಿ ಮರೆತು ಬಂದರೆ ಇನ್ನೊಮ್ಮೆ ಬರೆದುಕೊಡುವುದು. ಸಭೆಯಲ್ಲಿ ಅಧ್ಯಕ್ಷರು ತೂಕಡಿಸಿದರೆ ಯಾರಿಗೂ ತಿಳಿಯದಂತೆ ಎಬ್ಬಿಸುವುದು."

ನನ್ನ ಕಥೆ ಮುಗಿಯಿತು, ವಿಲೀನದವರೆಗೂ ಕಾಯಬೇಕಾಗಿಲ್ಲ ಎಂದುಕೊಂಡು ತಲೆ ತಗ್ಗಿಸಿದೆ. ಗೌಡರು ನಿಧಾನವಾಗಿ ಕನ್ನಡಕ ಏರಿಸಿಕೊಂಡದ್ದು ಓರೆಗಣ್ಣಿಗೆ ಕಾಣಿಸಿತು.

"ಮುಂದುಕ್ ಓದಿ ಸಾ," ಅಂದರು. "ಈಗ ಎಚ್ಚರ್ವಾಗಿದೀನಿ."

ಉಯ್ಯಂಬಳ್ಳಿ

ಜನ ಏನನ್ನುತ್ತಾರೆ ಕೇಳಬೇಕು ಎಂದು ಆಫೀಸರ್ ಹಟ ಹಿಡಿದರು. ಕನಕಪುರ ದಾಟಿ ಉಯ್ಯಂಬಳ್ಳಿಯಲ್ಲಿ ನಮ್ಮದೊಂದು ಹೊಲಿಗೆ ಕೇಂದ್ರ, ಅವರದೊಂದು ಹೊಲಿಗೆ ಕೇಂದ್ರ. ಮೊದಲು ನಮ್ಮ ಕೇಂದ್ರಕ್ಕೆ ಹೋದೆವು. ಹೆಂಗಸರು ಸಾಲಾಗಿ ಕೂತು ಹಾಡು ಹೇಳಿದರು, ಹೂವು ಕೊಟ್ಟರು. ಆಮೇಲೆ ಊರಾಚೆಯ ಅವರ ಕೇಂದ್ರಕ್ಕೆ ಜೀಪು ಹೊರಟಿತು. ದಾರಿ ಸುತ್ತುಬಳಸಿದ್ದು, ಒಸಿ ಹೊತ್ತು ಹಿಡಿಯಿತು.

ಒಳಗೆ ಕಾಲಿಟ್ಟರೆ, ಅವೇ ಹೆಂಗಸರು! ಹೊಲದ ನಡುವೆ ಅಡ್ಡದಾರಿಯಲ್ಲಿ ಓಡಿ ಬಂದು ಏದುಸಿರು ಬಿಡುತ್ತಾ ಅದೇ ಹಾಡು ಶುರು ಮಾಡಿದರು. ನಾನು ಮೇಡಂ ಮುಖ ನೋಡಿದೆ, ಮೇಡಂ ನನ್ನ ಮುಖ ನೋಡಿದರು. ಆ ಹೆಂಗಸರೆಲ್ಲ ನಮ್ಮ ವರದಿಯಲ್ಲೂ ಇದ್ದರು, ಅವರ ವರದಿಯಲ್ಲೂ ಇದ್ದರು. ಸೋಮವಾರ ನಮ್ಮಲ್ಲಿ ರವಿಕೆ, ಗುರುವಾರ ಅವರಲ್ಲಿ ಲಂಗ. ಇದು ನಮಗಿಬ್ಬರಿಗೂ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಕೆಲಸ ಹೋಗುವುದಿರಲಿ, ಇಬ್ಬರೂ ಒಟ್ಟಿಗೇ ಹೋಗುತ್ತೇವೆ ಎನ್ನಿಸಿತು.

ಆಫೀಸರ್ ಬೆಪ್ಪಾಗಿ ಅವರಲ್ಲೊಬ್ಬ ವಯಸ್ಸಾದವಳನ್ನು ಕೇಳಿದರು: "ಅಜ್ಜಿ, ಈ ಎರಡು ಸಂಸ್ಥೆ ಒಂದಾಗಬೇಕೋ ಬೇಡವೋ ಅಂತ ಆರು ತಿಂಗಳಿಂದ ಯೋಚನೆ ಮಾಡ್ತಿದೀವಿ. ನೀವೇನಂತೀರಿ?"

ಅಜ್ಜಿ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. "ನಾವು ಒಂದಾಗಿ ನಾಕ್ ವರ್ಸ ಆಯ್ತು ಕಣಪ್ಪ. ನೀವಿನ್ನೂ ಯೋಚ್ನೆ ಮಾಡ್ತಾ ಇದೀರಾ?"

ಬಿಟ್ಟುಕೊಡುವವರು

ಕೊನೆಯ ಸಭೆ. ಜಾಗಕ್ಕೆ ಚೀಟಿ ಎತ್ತಿದಾಗ ರಾಮನಗರ ಬಂದಿತ್ತು. ಆವತ್ತು ಬೆಳಿಗ್ಗೆ ಮಾಗಡಿಯಲ್ಲಿ ಬಸ್ಸು ಹತ್ತಿಸುವಾಗ ಹೆಂಡತಿ, "ಬಾಯ್ಬುಟ್ಟು ಕೇಳಿ, ನಾನಿರ್ತೀನಿ ಅಂತ," ಎಂದಿದ್ದಳು. ದಾರಿಯುದ್ದಕ್ಕೂ ಆ ಎರಡು ಪದ ಅಭ್ಯಾಸ ಮಾಡಿಕೊಂಡು ಬಂದೆ.

ಆಫೀಸರ್ ಒಂದೊಂದೇ ವಿಷಯ ಮುಗಿಸಿ ಕೊನೆಯ ಹಾಳೆಗೆ ಬಂದರು. "ಇನ್ನೊಂದೇ ಬಾಕಿ. ಒಂದು ಸಂಸ್ಥೆಗೆ ಮ್ಯಾನೇಜರ್ ಒಬ್ಬರೇ. ಯಾರು?"

ನಾನು ಬಾಯಿ ತೆರೆಯುವ ಮೊದಲೇ ಗೌಡರು ಎದ್ದರು. ಆರು ತಿಂಗಳು ಬಿಗಿದುಕೊಂಡಿದ್ದವರಿಗೆ ಆವತ್ತು ಎಲ್ಲಿಂದ ದೊಡ್ಡತನ ಉಕ್ಕಿತೋ! "ನೋಡಿ ಸಾಹೇಬ್ರೆ, ಮೇಡಂ ಹೆಣ್ಮಗಳು. ಅವರೇ ಇರ್ಲಿ. ನಮ್ಮವನ್ನ ಬುಟ್ಕೊಡ್ತೀವಿ."

ಸಾಹೇಬರು ಸೋಲುವವರೇ? "ತೋಬಾ ತೋಬಾ, ಅದೆಂಗಾಯ್ತದೆ ಗೌಡ್ರೆ? ನಿಮ್ಮವರೇ ಇರ್ಲಿ. ಮೇಡಂನ ನಾವು ಬಿಡ್ತೀವಿ."

"ಇಲ್ಲ ಇಲ್ಲ, ನಮ್ಮವನೇ ಹೋಯ್ತಾನೆ."

"ಆಗಾಕಿಲ್ಲ. ನಮ್ಮವರೇ ಹೋಗ್ತಾರೆ."

ಪಂಕ್ತಿಯಲ್ಲಿ ಉಳಿದ ಕೊನೆಯ ಒಬ್ಬಟ್ಟನ್ನು ಒಬ್ಬರೆಲೆಯಿಂದ ಇನ್ನೊಬ್ಬರೆಲೆಗೆ ತಳ್ಳುವಂತೆ ನಮ್ಮಿಬ್ಬರನ್ನೂ ತಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಹದಿನೆಂಟು ವರ್ಷದ ಚಾಕರಿ, ಒಂದು ಉಪಚಾರದ ಮಾತಿಗೆ ದಾನವಾಗಿ ಹೋಗುತ್ತಿದೆ! ಎದುರಿಗೆ ಮೇಡಂ ಕಣ್ಣಲ್ಲಿ ನೀರು ತುಂಬಿತ್ತು. ಇಷ್ಟು ದಿನ ನಾನು ಹೆದರಿದ್ದು ಈಕೆಗೆ, ಈಕೆ ಹೆದರಿದ್ದು ನನಗೆ. ಹೆದರಬೇಕಾದವರು ಬೇರೆಯೇ ಇದ್ದರು ಎಂದು ಆಗ ತಿಳಿಯಿತು.

ಮೇಡಂ ಕಣ್ಣೊರೆಸಿಕೊಂಡು ಎದ್ದು ನಿಂತರು. "ಸಾರ್, ಒಂದು ಡೌಟು. ಮ್ಯಾನೇಜರ್ ಒಬ್ಬರೇ, ಸರಿ. ಅಧ್ಯಕ್ಷರು ಎಷ್ಟು ಜನ?"

ಆಫೀಸರ್ ಕಾಗದಗಳನ್ನು ತಿರುವಿದರು. ಆರು ತಿಂಗಳಲ್ಲಿ ಯಾರೂ ಕೇಳಿರದ ಪ್ರಶ್ನೆ. "ಅವರೂ... ಒಬ್ಬರೇ," ಎಂದರು ಮೆಲ್ಲಗೆ.

ನನಗೆ ಎಲ್ಲಿಂದ ಧೈರ್ಯ ಬಂತೋ, ಪೆನ್ನಿನ ಕ್ಯಾಪ್ ತೆಗೆದೆ. "ಹಂಗಾದ್ರೆ ಯಾರು ಯಾರಿಗೆ ಬಿಟ್ಟುಕೊಡ್ತಾರೆ ಅಂತ ಹೇಳ್ಬಿಡಿ ಸಾರ್. ಬರ್ಕೊತೀನಿ."

ಗೌಡರು ಸೂರು ನೋಡಿದರು. ಸಾಹೇಬರು ಶಾಲು ಬಿಚ್ಚಿ ಮತ್ತೆ ಮಡಿಸಿದರು. "ನೀವೇ ಇರಿ" ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

"ಅಂಗ್ ನೋಡಿದ್ರೆ," ಎಂದು ಗೌಡರು ಗಂಟಲು ಸರಿಮಾಡಿಕೊಂಡರು, "ಕೆಲ್ಸ ಬಾಳ ಐತೆ ಸಾ. ಅಧ್ಯಕ್ಷರು ಇಬ್ರು ಇದ್ರೇನೇ ತೂಗೋದು."

"ಬಿಲ್ಕುಲ್ ಸರಿ ಮಾತು," ಎಂದರು ಸಾಹೇಬರು ತಟ್ಟನೆ. "ಇಬ್ರು ಅಧ್ಯಕ್ಷರು ಅಂದ್ಮೇಲೆ ಇಬ್ರು ಮ್ಯಾನೇಜರ್ ಬೇಡ್ವಾ?"

"ಇಬ್ರು ಮ್ಯಾನೇಜರು ಒಂದೇ ಆಫೀಸಲ್ಲಿ ಎಂಗ್ ಕೂತಾರು? ಆಫೀಸೂ ಎರಡಿರ್ಲಿ."

ಐದು ನಿಮಿಷದಲ್ಲಿ ಎಲ್ಲ ಜೋಡಿಜೋಡಿಯಾಗಿ ನಿಂತವು. ಆರು ತಿಂಗಳ ಮೇಲೆ ನಾನು ಹೊಟ್ಟೆ ತುಂಬ ಉಸಿರೆಳೆದುಕೊಂಡೆ. ಮೇಡಂ ಮೊದಲ ಸಲ ನನ್ನ ಮುಖ ನೋಡಿ ನಕ್ಕರು.

ನಗದಿದ್ದವರು ಆಫೀಸರ್ ಒಬ್ಬರೇ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅಳುವ ದನಿಯಲ್ಲಿ ಕೇಳಿದರು: "ಅಧ್ಯಕ್ಷರು ಇಬ್ಬರು. ಮ್ಯಾನೇಜರ್ ಇಬ್ಬರು. ಆಫೀಸು ಎರಡು. ಹಾಗಾದ್ರೆ ಒಂದಾಗಿದ್ದು ಏನು ಅಂತ ನಾನು ವರದಿಯಲ್ಲಿ ಬರೀಲಿ?"

ಗೌಡರು ಎದೆಯ ಮೇಲೆ ಕೈಯಿಟ್ಟರು. "ಮನಸ್ಸು, ಸಾ."

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಅದನ್ನ ನಾನ್ ಹೇಳ್ಬೇಕು ಅಂತಿದ್ದೆ!"