ರೇಡಿಯೇಟರಿಗೆ ಒಂದು ಚೂರು ಬೆಲ್ಲ

ಎರಡು ವಿಷಯಗಳ ಬಗ್ಗೆ ಸಲಹೆ ಕೊಡಲು ನಮ್ಮ ಕಡೆ ಯಾರಿಗೂ ಯಾರ ಅಪ್ಪಣೆಯೂ ಬೇಕಾಗಿಲ್ಲ. ಒಂದು ನೆಗಡಿ, ಇನ್ನೊಂದು ದಾರಿಯಲ್ಲಿ ಕೆಟ್ಟು ನಿಂತ ಮೋಟಾರು. ನೆಗಡಿಯಾದರೂ ವಾಸಿ, ಕಂಬಳಿ ಹೊದ್ದು ಮಲಗಿದರೆ ನಾಲ್ಕೇ ಜನ ಬಂದು ಹೇಳಿ ಹೋಗುತ್ತಾರೆ. ಮೋಟಾರಿನ ಬಾನೆಟ್ಟು ಎತ್ತಿದಿರೋ, ಕಬ್ಬಿನ ಗಾಡಿಯವನು ಎತ್ತು ನಿಲ್ಲಿಸಿ ಇಳಿಯುತ್ತಾನೆ, ಸೈಕಲ್ಲಿನವನು ಕಾಲೂರಿ ನಿಲ್ಲುತ್ತಾನೆ, ಜೀವಮಾನದಲ್ಲಿ ಮೋಟಾರಿನೊಳಗೆ ಕೂತಿರದ ಮುದುಕನೊಬ್ಬ ಇಣುಕಿ ನೋಡಿ, "ಇದರ ವಾಯರ್ ಸಡ್ಲಾಗೈತಿ ನೋಡ್ರಿ" ಎನ್ನುತ್ತಾನೆ. ಯಾವ ವಾಯರ್ ಎಂದು ಕೇಳಬಾರದು. ಕೇಳಿದರೆ "ಅದ ರೀ, ಮೇನ್ ವಾಯರ್" ಎನ್ನುತ್ತಾನೆ. ನಾನು ಜಮಖಂಡಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ನನಗೂ ಇಂಥವರು ಬುದ್ಧಿ ಹೇಳುವಂತಾಯಿತಲ್ಲ ಎಂದು ಆಗ ಭಾರಿ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂಬುದೇ ನಾನು ಹೇಳಹೊರಟ ಸಂಗತಿ, ಹೇಳಲು ನಾಚಿಕೆಯಾಗುವ ಸಂಗತಿಯೂ ಅದೇ.

ಆ ಮೋಟಾರು ನನ್ನದಲ್ಲ, ನನ್ನ ಹೆಂಡತಿ ಶಾರದೆಯದು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಮುಧೋಳದಲ್ಲಿ ವಕೀಲರಾಗಿದ್ದ ಅವಳ ತಂದೆಯದು. ಇಂಗ್ಲೆಂಡಿನಲ್ಲಿ ಹುಟ್ಟಿದ ಕರೀ ಗಾಡಿ. ಗುಂಡು ದೀಪಗಳು, ಹತ್ತುವುದಕ್ಕೆ ಉದ್ದನೆಯ ಮೆಟ್ಟಿಲ ಹಲಗೆ, ಒಳಗೆ ಇಬ್ಬರು ಮಲಗಬಹುದಾದಷ್ಟು ಅಗಲದ ಗಾದಿ. ವಕೀಲರು ತೀರಿಕೊಂಡ ಮೇಲೆ ಶಾರದೆಯ ತಾಯಿ, "ಇದು ಕಣ್ಣಮುಂದಿದ್ರ ಅವರ ನೆನಪಾಗ್ತೈತಿ, ನೀವ ಒಯ್ರಿ" ಎಂದು ಅದನ್ನು ನಮ್ಮ ಮನೆಗೆ ದಾಟಿಸಿದರು. ಗಾಡಿಯ ಜೊತೆ ಅದರ ಹಸಿವೂ ಬಂತು. ಪೆಟ್ರೋಲನ್ನು ಅದು ನಮ್ಮ ಕಡೆಯ ಬೀಗರು ಮಜ್ಜಿಗೆ ಕುಡಿದ ಹಾಗೆ ಕುಡಿಯುತ್ತಿತ್ತು. ಮಾಸ್ತರನ ಪಗಾರಕ್ಕೆ ಅದು ಒಗ್ಗುವ ಬಾಯಾಗಿರಲಿಲ್ಲ. ಒಂದು ವರ್ಷ ಅದನ್ನು ಅಂಗಳದಲ್ಲಿ ನಿಲ್ಲಿಸಿ ಒರೆಸುತ್ತ ಕೂತೆ. ಕಡೆಗೆ ಮಿಸ್ತ್ರಿ ಹುಸೇನಸಾಬನನ್ನು ಕರೆಸಿದೆ.

ಹುಸೇನಸಾಬ ಬನಹಟ್ಟಿಯ ಕಡೆಯವನು. ಅಲ್ಲಿ ಪವರ್‌ಲೂಮ್ ರಿಪೇರಿ ಮಾಡಿಕೊಂಡಿದ್ದವನು ಜಮಖಂಡಿಗೆ ಬಂದು ಮೋಟಾರಿಗೆ ಕೈ ಹಚ್ಚಿದ್ದ. "ಮಗ್ಗದ ಸಪ್ಪಳ ಕೇಳಿ ಎಲ್ಲಿ ಎಳಿ ಹರದೈತಿ ಅಂತ ಹೇಳಾವ ನಾ. ಇಂಜಿನ್ ಯಾವ ಗಿಡದ ತಪ್ಪಲರಿ?" ಎನ್ನುವುದು ಅವನ ಮಾತು. ಎಲ್ಲೋ ಪಲ್ಟಿಯಾದ ಹೊಚ್ಚ ಹೊಸ ವ್ಯಾನೊಂದರ ಡೀಸೆಲ್ ಇಂಜಿನ್ ಅವನ ಕೈಗೆ ಬಂದಿತ್ತು. "ಮೈ ಹಳೇದ ಇರಲಿ, ಗುಂಡಿಗಿ ಹೊಸಾದು ಹಾಕೂಣು" ಎಂದ. ಹದಿನೈದು ದಿನ ಕೊಯ್ದ, ಬೆಸೆದ, ಬಡಿದ. ಹೊಸ ಗುಂಡಿಗೆ ಬಡಿಯಲು ಶುರುವಾದ ಕೂಡಲೇ ಹಳೆಯ ಮೈಯೆಲ್ಲ ನಡುಗಿತು. ಕನ್ನಡಿಯಲ್ಲಿ ಹಿಂದಿನ ದಾರಿಯ ಬದಲು ನಾಲ್ಕು ದಾರಿ ಕಾಣುತ್ತಿದ್ದವು. ಬಾಗಿಲು ತಾನಾಗಿ ತೆರೆದುಕೊಂಡು ದಾರಿಹೋಕರನ್ನು ಕರೆಯುತ್ತಿತ್ತು. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರಂತೂ ಒಂದು ಸಲ ಕೂತು ಇಳಿದವರು, "ಹಲ್ಲು ಕಟ್ಟಿಸೂದೈತಿ, ಆಮ್ಯಾಲ ಬರ್ತೇನಿ" ಎಂದು ನಡೆದೇ ಮನೆಗೆ ಹೋದರು. ಇವನ್ನೆಲ್ಲ ಹುಸೇನಸಾಬ ಒಂದೊಂದಾಗಿ ರಬ್ಬರು ಕೊಟ್ಟು, ನಟ್ಟು ಬಿಗಿದು ಹತೋಟಿಗೆ ತಂದ.

ಉಳಿದದ್ದು ವಾಸನೆ. ಆ ಗಾಡಿಯ ಎಣ್ಣೆ ಟಾಕಿಯ ಬಾಯಿ ಹಿಂದಿನ ಡಿಕ್ಕಿಯ ಒಳಗಿತ್ತು. ಪೆಟ್ರೋಲು ಇದ್ದಾಗ ಸುಮ್ಮನಿದ್ದ ಶಾರದೆ ಡೀಸೆಲ್ ಬಂದ ಮೇಲೆ ಮೂಗಿಗೆ ಸೆರಗು ಹಿಡಿದಳು. "ಏನ್ರೀ, ಟ್ರ್ಯಾಕ್ಟರನ್ಯಾಗ ಕುಂತಂಗ ಆಗ್ತೈತಿ. ಹೊಟ್ಟಿ ತೊಳಸ್ತೈತಿ" ಎಂದಳು. ನಾನು ಹಳೆಯ ಸೈಕಲ್ ಟ್ಯೂಬು ತಂದು, ರೂಪಾಯಿಗಿಂತ ದೊಡ್ಡದಾದ ಒಂದು ಬಿಲ್ಲೆ ಕತ್ತರಿಸಿ, ಟಾಕಿಯ ಮುಚ್ಚಳದ ಒಳಗೆ ಒತ್ತಿ ಕೂಡಿಸಿದೆ. ವಾಸನೆ ನಿಂತೇ ಹೋಯಿತು. ಇಡೀ ಗಾಡಿಯ ರಿಪೇರಿಯಲ್ಲಿ ನಾನು ಸ್ವಂತ ಕೈಯಿಂದ ಮಾಡಿದ್ದು ಇದೊಂದೇ ಆದ್ದರಿಂದ ಬಂದವರಿಗೆಲ್ಲ ಡಿಕ್ಕಿ ತೆರೆದು ತೋರಿಸಿದೆ.

ಮುಂದಿನ ರವಿವಾರ ಮುಧೋಳಕ್ಕೆ, ಶಾರದೆಯ ತವರಿಗೆ ಹೊರಟೆವು. ಗಾಡಿ ಸರಾಗವಾಗಿ ಓಡಿತು. ಸರಿಯಾಗಿ ಅರ್ಧ ದಾರಿಗೆ ಬಂದಾಗ ಎರಡು ಸಲ ಕೆಮ್ಮಿ, ಒಂದು ಸಲ ಬಿಕ್ಕಿ, ನಿಂತುಬಿಟ್ಟಿತು. ನಾನು ಬಾನೆಟ್ಟು ಎತ್ತಿ ತಿರುಗಿ ನೋಡುತ್ತೇನೆ, ಶಾರದೆಯ ಮುಖ ಕೆಂಪೇರಿದೆ. "ಇಲ್ಲೇ ನಿಲ್ಲಸಬೇಕಾಗಿತ್ತೇನ್ರಿ? ನಿಲ್ಲಸಾಕ ನಿಮಗ ಬ್ಯಾರೆ ಜಾಗಾ ಸಿಗಲಿಲ್ಲೇನು?" ಎಂದಳು. ಆಗಲೇ ನಾನು ರಸ್ತೆಯ ಆಚೆ ನೋಡಿದ್ದು. ಎದುರಿಗೆ ತನ್ನ ಮನೆಯ ಕಟ್ಟೆಯ ಮೇಲೆ ಅವಳ ಸೋದರಮಾವ ಮಲ್ಲಪ್ಪ ಕೂತಿದ್ದ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಲೇಬೇಕು. ಶಾರದೆಯನ್ನು ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂಡಿಸಿಕೊಂಡು ಹಿಪ್ಪರಗಿಯ ಹತ್ತಿರ ಕೃಷ್ಣಾ ಹೊಳೆ ತೋರಿಸಿಕೊಂಡು ಬಂದವನು ಈ ಮಲ್ಲಪ್ಪ. ಅವಳನ್ನು ತನ್ನ ಮಗನಿಗೇ ತಂದುಕೊಳ್ಳಬೇಕೆಂದು ಅವನ ಆಸೆ. ವಕೀಲರು ಮಗಳನ್ನು ಮಾಸ್ತರನಿಗೆ ಕೊಟ್ಟರು. ಮಾವ ಮದುವೆಗೆ ಬರಲಿಲ್ಲ. "ಅವರು ಬಂದ್ರ ಬ್ಯಾಡ ಅನ್ನಾಂಗಿಲ್ಲ. ಆದ್ರ ನಾ ಕರಿಯಾಂಗಿಲ್ಲ" ಎಂದು ಆಣೆ ಮಾಡಿದ. ಅದನ್ನು ಕೇಳಿ ಶಾರದೆ, "ಕರೀಲಾರದ ಮನಿಗೆ ನಾ ಕಾಲಿಡಾಂಗಿಲ್ಲ" ಎಂದು ತಾನೂ ಆಣೆ ಮಾಡಿದಳು. ಮಾವನ ಮಗ ಬೇರೆ ಮದುವೆಯಾಗಿ, ಸಮೀರವಾಡಿಯ ಸಕ್ಕರೆ ಕಾರಖಾನೆಯಲ್ಲಿ ನೌಕರಿ ಹಿಡಿದು, ಮೂರು ಮಕ್ಕಳ ತಂದೆಯಾಗಿ, ಈ ವಿಷಯವನ್ನೇ ಮರೆತಿದ್ದ. ಮರೆಯದವರು ಇವರಿಬ್ಬರೇ. ಹದಿನೆಂಟು ವರ್ಷ ಅವಳು ತವರಿನ ದಾರಿಯಲ್ಲಿ ಈ ಮಾವನ ಊರು ಬಂದಾಗ ಬಸ್ಸಿನ ಇನ್ನೊಂದು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು. ಮನೆಗೆ ಬಂದ ಮೇಲೆ ಯಾವುದಾದರೂ ನೆಪ ಮಾಡಿ ಅಳುತ್ತಿದ್ದಳು. ನನಗೆ ಅದು ಗೊತ್ತಿತ್ತು. ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಅಂದು ಬಿಸಿಲು ಚುರುಗುಟ್ಟುತ್ತಿತ್ತು. ಇವಳು ಇಳಿಯಲಿಲ್ಲ. ಅವನು ಕರೆಯಲಿಲ್ಲ. ಕಾಲು ತಾಸಿನ ಮೇಲೆ ಮಾವ ಎದ್ದು ಬಂದು, ನನ್ನನ್ನಾಗಲಿ ಅವಳನ್ನಾಗಲಿ ನೋಡದೆ, ಬಾನೆಟ್ಟನ್ನೇ ಮಾತಾಡಿಸಿದ. "ಗಾಡಿಗೆ ನೀರ ಬೇಕಾಗಿರಬೇಕು." ಒಳಗೆ ಹೋಗಿ ಒಂದು ತಾಮ್ರದ ತಂಬಿಗೆ ತುಂಬ ತಣ್ಣನೆಯ ನೀರು ತಂದು ಮೆಟ್ಟಿಲ ಹಲಗೆಯ ಮೇಲೆ ಇಟ್ಟ. ಪಕ್ಕದಲ್ಲಿ ಒಂದು ತಾಟು. ತಾಟಿನಲ್ಲಿ ಒಂದು ಚೂರು ಬೆಲ್ಲ.

"ಇದೇನ್ರಿ, ರೇಡಿಯೇಟರಿಗೆ ಬೆಲ್ಲ?" ಎಂದೆ ನಾನು. ಮೂರ್ಖತನಕ್ಕೂ ಒಂದು ಮಿತಿ ಇರಬೇಕು. ಮಾವ ಹೋಗಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ. ಹಿಂದಿನಿಂದ ಶಾರದೆಯ ಕೈ ಹೊರಗೆ ಬಂದು ಬೆಲ್ಲವನ್ನೂ ತಂಬಿಗೆಯನ್ನೂ ಒಳಗೆ ಎಳೆದುಕೊಂಡಿತು. ರೇಡಿಯೇಟರಿಗೆ ಹನಿ ನೀರೂ ಸಿಗಲಿಲ್ಲ. ಆದರೂ ಒಂದು ತಾಸು ಬಿಟ್ಟು ಚಾವಿ ತಿರುವಿದರೆ ಗಾಡಿ ಏನೂ ಆಗಿಲ್ಲವೆಂಬಂತೆ ಶುರುವಾಯಿತು. ಸಂಜೆ ಮುಧೋಳದಿಂದ ಹೊರಟೆವು. ಅತ್ತಣಿಂದಲೂ ಆ ಊರು ಅರ್ಧ ದಾರಿಯೇ ಆದ್ದರಿಂದ ಗಾಡಿ ಮತ್ತೆ ಅದೇ ಕಟ್ಟೆಯ ಮುಂದೆ ನಿಂತಿತು. ಈ ಸಲ ರೇಡಿಯೇಟರಿಗೆ ನೀರಿನ ಜೊತೆ ಎರಡು ಬಶಿ ಚಹಾ ಬಂತು.

ಹುಸೇನಸಾಬ ಗಾಡಿಯನ್ನು ನೋಡಿ ನಕ್ಕ. ಅವನು ಜಮಖಂಡಿಯ ಬಜಾರದಲ್ಲಿ ಎರಡು ಸುತ್ತು ಹೊಡೆದರೆ ಅದು ಕುದುರೆಯ ಹಾಗೆ ಓಡಿತು. ಡಾಕ್ಟರರ ಮುಂದೆ ಜ್ವರ ಇಳಿಯುತ್ತದಲ್ಲ, ಹಾಗೆ. ಫಿಲ್ಟರ್ ಬದಲಿಸಿದ, ಪಂಪು ಬದಲಿಸಿದ, ಪೈಪಿನಲ್ಲಿ ಗಾಳಿ ಸೇರಿದೆಯೆಂದು ಅದನ್ನು ಹೊರಗೆ ತೆಗೆದ. ರವಿವಾರ ಬಂತು, ಗಾಡಿ ಮಾವನ ಮನೆಯ ಮುಂದೆ ನಿಂತಿತು. ಡ್ರಾಯಿಂಗ್ ಮಾಸ್ತರರು ಆ ಜಾಗದಲ್ಲಿ ಏನೋ ಇದೆ ಎಂದು ಲಿಂಬೆಹಣ್ಣು ಕೊಟ್ಟರು. ಲಿಂಬೆಹಣ್ಣು ಕಟ್ಟಿಕೊಂಡು ಹೋದೆವು, ನಿಂತಿತು. ನಾನು ವಿಜ್ಞಾನದವನು ನೋಡಿ, ಒಂದು ನೋಟ್‌ಬುಕ್ಕು ಇಟ್ಟು ಹವೆ, ಬಿಸಿಲು, ವೇಗ, ಗಾಡಿಯಲ್ಲಿದ್ದ ಜನ ಎಲ್ಲ ಬರೆದೆ. ಪ್ರತಿಯೊಂದು ಸಾಲಿನ ಕೊನೆಗೆ "ಮಲ್ಲಪ್ಪನ ಕಟ್ಟೆ" ಎಂದು ಬರೆಯಬೇಕಾಯಿತು. ಅದರಿಂದ ಯಾವ ಸಿದ್ಧಾಂತವೂ ನನಗೆ ಹೊಳೆಯಲಿಲ್ಲ. ಹುಸೇನಸಾಬನೇ ಕೈ ಚೆಲ್ಲಿ, "ಮಾಸ್ತರ, ಇದು ಇಂಜಿನ್ ರೋಗ ಅಲ್ರಿ. ನಿಮ್ಮ ಬೀಗತನದ ರೋಗ" ಎಂದ.

ಮೂರನೆಯ ರವಿವಾರವೋ ನಾಲ್ಕನೆಯದೋ, ಮಾವನೇ ಗಾಡಿಯನ್ನು ಒಮ್ಮೆ ಪರೀಕ್ಷಿಸಿದ. ಕಬ್ಬಿನ ಹೊಲದಲ್ಲಿ ಮೂವತ್ತು ವರ್ಷ ಡೀಸೆಲ್ ಪಂಪ್‌ಸೆಟ್ಟು ನಡೆಸಿದವನು. ಮುಂದೆ ನೋಡಿದ, ಹಿಂದೆ ಬಂದು ಡಿಕ್ಕಿ ತೆಗೆಸಿ ಟಾಕಿಯ ಮುಚ್ಚಳ ತಿರುವಿದ. "ಸುಂಯ್" ಎಂದು ಉದ್ದನೆಯ ಸಪ್ಪಳ ಕೇಳಿತು. ಅದನ್ನು ನಾನು ಅವನ ನಿಟ್ಟುಸಿರು ಎಂದುಕೊಂಡು ಮರುಗಿದೆ. ಅವನು ಮುಚ್ಚಳವನ್ನು ಮೊದಲಿನಂತೆಯೇ ಗಟ್ಟಿಯಾಗಿ ಕೂಡಿಸಿ, "ಏನಿಲ್ಲ ತಗೋರಿ. ಒಂದ ತಾಸು ತಂಪಾದ್ರ ತಾನ ಚಾಲೂ ಆಗ್ತೈತಿ" ಎಂದು ಹೇಳಿ ಕಟ್ಟೆಗೆ ಹೋದ.

ಅಷ್ಟರಲ್ಲಿ ಒಳಗಿನಿಂದ ಮಾವನ ಹೆಂಡತಿ ನೀಲವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬಂದವಳು ಗಂಡನಿಗೂ ಕೇಳುವಂತೆ, "ಆಣಿ ಮಾಡಿದವರು ನೀವು ನೀವು. ನಾ ಏನ ಆಣಿ ಮಾಡಿಲ್ಲವಾ. ಬಿಸಿಲಾಗ ಕುಂತು ಸಾಯ್ತೀಯೇನು? ಇಳಿ ಬೇ ಕೆಳಗ!" ಎಂದು ಗದರಿದಳು. ಶಾರದೆ ಒಂದು ಕ್ಷಣ ಮಾವನ ಬೆನ್ನು ನೋಡಿದಳು. ಆಮೇಲೆ ಇಳಿದಳು. "ಮಾವ ಕರದಿಲ್ಲ, ನಾ ಬಂದಿಲ್ಲ. ಗಾಡಿ ಕೆಟ್ಟೈತಿ, ಅದಕ್ಕ" ಎಂದು ಹೊಸ್ತಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿಯೇ ಒಳಗೆ ಹೋದಳು. ಮಾವ ಬೆನ್ನು ತಿರುಗಿಸಿಕೊಂಡೇ "ಕೆಟ್ಟ ಗಾಡಿಗೆ ಯಾರೇನ ಮಾಡಾಕ ಬರ್ತೈತಿ" ಎಂದ. ಬಿಸಿ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಕೆನೆ ಮೊಸರು. ಮೊದಲ ತುತ್ತಿಗೇ ಶಾರದೆಯ ಕಣ್ಣು ತುಂಬಿತು. ಚಟ್ನಿ ಖಾರ ಎಂದಳು. ನಾನು ನಾಲ್ಕು ರೊಟ್ಟಿ ತಿಂದೆ. ನಾನು ಊಟಕ್ಕಾಗಿಯೇ ಗಾಡಿ ಕೆಡಿಸುತ್ತೇನೆ ಎಂಬ ಮಾತು ಆ ಊರಲ್ಲಿ ಹಬ್ಬಿದ್ದು ಅಂದಿನಿಂದಲೇ.

ನನಗೆ ಅದು ಅಪಮಾನವಾಯಿತು. ಹೇಗಾದರೂ ದೋಷ ಹುಡುಕಲೇಬೇಕೆಂದು ಹಟ ಹಿಡಿದೆ. ದೋಷ ಸಿಕ್ಕಿದ್ದು ಅಡಿಗೆಮನೆಯಲ್ಲಿ. ಒಂದು ದಿನ ಶಾರದೆ ಹೊಸ ಎಣ್ಣೆ ಡಬ್ಬಿಯನ್ನು ತೂತು ಹೊಡೆದು ಕೊಡಿರೆಂದಳು. ಮೊಳೆಯಿಂದ ಒಂದು ತೂತು ಹೊಡೆದು ಬಗ್ಗಿಸಿದೆ. ಎಣ್ಣೆ ನಾಲ್ಕು ಹನಿ ಬಿದ್ದು ನಿಂತಿತು. ಮತ್ತೆ ಬಗ್ಗಿಸಿದೆ, ಕುಲುಕಿದೆ. ಶಾರದೆ ಹಣೆ ಚಚ್ಚಿಕೊಂಡು, "ಆ ಕಡೆ ಇನ್ನೊಂದು ತೂತು ಹೊಡೀರಿ. ಗಾಳಿ ಒಳಗ ಹೋಗಾಕ ಹಾದಿ ಬ್ಯಾಡೇನು? ಸಾಲ್ಯಾಗ ಮಕ್ಕಳಿಗೆ ಏನ ಕಲಸ್ತೀರಿ ನೀವು?" ಎಂದಳು.

ಕಲಿಸುವುದು ಅದನ್ನೇ! ಎಂಟನೆಯ ಇಯತ್ತೆಗೆ ಪ್ರತಿ ವರ್ಷ ಗಾಳಿಯ ಒತ್ತಡದ ಪಾಠ ನನ್ನದೇ. ಮೊಳೆ ಹಿಡಿದುಕೊಂಡೇ ಅಂಗಳಕ್ಕೆ ಓಡಿದೆ. ಟಾಕಿಯ ಮುಚ್ಚಳದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು ಇತ್ತು. ಒಳಗಿನ ಎಣ್ಣೆ ಕಡಿಮೆಯಾದಂತೆ ಗಾಳಿ ಒಳಗೆ ಹೋಗಲೆಂದು ಇಂಗ್ಲೆಂಡಿನವರು ಬಿಟ್ಟ ತೂತು. ಅದನ್ನು ಒಳಗಿನಿಂದ ಮುಚ್ಚಿದ್ದು ನನ್ನ ಸೈಕಲ್ ಟ್ಯೂಬಿನ ಬಿಲ್ಲೆ, ನಾನು ಊರಿಗೆಲ್ಲ ತೋರಿಸಿದ ಬಿಲ್ಲೆ. ಅರ್ಧ ದಾರಿ ಹೋಗುವಷ್ಟರಲ್ಲಿ ಟಾಕಿ ಉಸಿರುಗಟ್ಟಿ ಡೀಸೆಲ್ ಬಿಡುತ್ತಿರಲಿಲ್ಲ. ಒಂದು ತಾಸು ನಿಂತರೆ ಸಂದಿಯಿಂದ ಗಾಳಿ ಹೊಕ್ಕು ಸರಿಯಾಗುತ್ತಿತ್ತು. ಬಿಲ್ಲೆ ಕಿತ್ತು ಅಂಗಳಕ್ಕೆ ಎಸೆದು, ಒಳಗೆ ಬಂದು ಶಾರದೆಗೆ ಎಲ್ಲ ಹೇಳಿದೆ. ಅವಳು ಸೌಟು ಹಿಡಿದು ನಿಂತೇ ಕೇಳಿದಳು.

"ಹಂಗಾರ ಇನ್ನ ಮ್ಯಾಲ ನಿಲ್ಲೂದ ಇಲ್ಲೇನು?"

"ಮುಧೋಳದ ತನಕ ಒಂದ ದಮ್ಮಿಗೆ!" ಎಂದೆ. ಅವಳು ಒಲೆಯ ಕಡೆ ತಿರುಗಿದಳು. ನನ್ನ ಬುದ್ಧಿವಂತಿಕೆಗೆ ಬೆರಗಾದಳೆಂದು ನಾನು ತಿಳಿದೆ.

ಆ ರವಿವಾರ ಗಾಡಿ ಹಾರಿಕೊಂಡು ಹೋಯಿತು. ಮಾವನ ಊರು ಬಂತು. ನಮ್ಮ ಸಪ್ಪಳ ಕೇಳಿ ಮಾವ ಕಟ್ಟೆಯಿಂದ ಇಳಿದು ರಸ್ತೆಯ ಅಂಚಿಗೆ ಬಂದು ನಿಂತಿದ್ದ, ಕೈಯಲ್ಲಿ ತಂಬಿಗೆ. ಹಿಂದೆ ಬಾಗಿಲಲ್ಲಿ ನೀಲವ್ವ. ನಾನು ಗೆದ್ದವನ ಹಾಗೆ ಎರಡು ಸಲ ಹಾರ್ನ್ ಹೊಡೆದು ಭರ್ರನೆ ಮುಂದಕ್ಕೆ ಹೋದೆ. ಶಾರದೆ ಕುತ್ತಿಗೆ ತಿರುಗಿಸಿ ಹಿಂದಿನ ಗಾಜಿನಲ್ಲಿ ಊರು ಮರೆಯಾಗುವ ತನಕ ನೋಡಿದಳು. ಬರುವಾಗಲೂ ನಿಲ್ಲಲಿಲ್ಲ. ಮನೆಯಲ್ಲಿ ನಾಲ್ಕು ದಿನ ನನ್ನ ಜೊತೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಸಾರಿಗೆ ಉಪ್ಪಿಲ್ಲ. ಗಾಡಿ ರಿಪೇರಿ ಮಾಡಿದ ಗಂಡನಿಗೆ ಇದೇನು ಬಹುಮಾನ ಎಂದು ನನಗೆ ತಲೆಬುಡ ತಿಳಿಯಲಿಲ್ಲ.

ಮುಂದಿನ ರವಿವಾರ ಹೊರಡುವಾಗ ಅವಳು ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ಕೈಚೀಲದಲ್ಲಿ ಡಬ್ಬಿ ತುಂಬ ಬೇಸನ್ ಉಂಡಿ. ಗಾಡಿಯ ಹತ್ತಿರ ಬಂದು ಸೆರಗಿನ ಗಂಟು ಬಿಚ್ಚಿ ಏನೋ ನನ್ನ ಅಂಗೈಗೆ ಹಾಕಿದಳು. ನೋಡಿದರೆ ಆ ರಬ್ಬರು ಬಿಲ್ಲೆ, ತೊಳೆದು ಒರೆಸಿದ್ದು.

"ಡೀಸೆಲ್ ವಾಸನಿ ಭಾಳ ಬರಾಕತ್ತೈತಿ. ಇದನ್ನ ಹಾಕ್ರಿ."

ನಾನು ಅವಳಿಗೆ ಗಾಳಿಯ ಒತ್ತಡವನ್ನು ಮೊದಲಿನಿಂದ ವಿವರಿಸಿದೆ. ನಿರ್ವಾತ ಎಂದರೇನು, ಇದನ್ನು ಹಾಕಿದರೆ ಗಾಡಿ ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ, ಎಲ್ಲ ಹೇಳಿದೆ. ಅವಳು ತಾಳ್ಮೆಯಿಂದ ಪೂರ್ತಿ ಕೇಳಿದಳು.

"ಪಾಠ ಆತೇನ್ರಿ? ಈಗ ಹಾಕ್ರಿ."

ಆಗ ನನಗೆ ತಿಳಿಯಿತು. ಡಿಕ್ಕಿ ತೆರೆದು ಬಿಲ್ಲೆ ಹಾಕಿದೆ. ಅಂದು ಟಾಕಿ ತುಸು ಬೇಗ ಉಸಿರುಗಟ್ಟಿತೋ ಏನೋ, ಗಾಡಿ ಮಾವನ ಮನೆಗೆ ಇನ್ನೂ ನೂರು ಮಾರು ಇರುವಾಗಲೇ ನಿಂತಿತು. ಮಾವ ಧೋತರ ಎತ್ತಿ ಕಟ್ಟಿಕೊಂಡು ಬಂದ. ಯಾರನ್ನೂ ಕರೆಯಲಿಲ್ಲ. ಹಿಂದೆ ಹೋಗಿ ಹೆಗಲು ಕೊಟ್ಟು, ಶಾರದೆ ಕೂತ ಗಾಡಿಯನ್ನು ತನ್ನ ಅಂಗಳದ ತನಕ ನೂಕಿದ. ಅವಳು ಇಳಿದು ಡಬ್ಬಿ ಹಿಡಿದು ಒಳಗೆ ಹೋದ ಮೇಲೆ, ಏದುಸಿರು ಬಿಡುತ್ತ ಡಿಕ್ಕಿ ತೆಗೆದು ಟಾಕಿಯ ಮುಚ್ಚಳ ತಿರುವಿದ. "ಸುಂಯ್" ಎಂದಿತು. ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಮೊದಲಿನಂತೆಯೇ ಗಟ್ಟಿಯಾಗಿ ಕೂಡಿಸಿದ.

"ಮಾಸ್ತರ, ಈ ರಬ್ಬರ್ ಸವದೈತಿ. ಪಂಪ್‌ಸೆಟ್ಟಿಂದು ದಪ್ಪನ್ನದು ಒಂದು ನನ್ನ ಕಡೆ ಐತಿ. ಮುಂದಿನ ಐತವಾರಕ್ಕ ಕತ್ತರಿಸಿ ಇಟ್ಟಿರ್ತೇನಿ."

ಇಬ್ಬರ ಆಣೆಯೂ ಇವತ್ತಿನವರೆಗೆ ಮುರಿದಿಲ್ಲ. ಎಂಟನೆಯ ಇಯತ್ತೆಗೆ ಗಾಳಿಯ ಒತ್ತಡದ ಪಾಠವನ್ನು ಈಗಲೂ ನಾನೇ ಮಾಡುತ್ತೇನೆ. ಅರ್ಥವಾಗದೆ ಪಿಳಿಪಿಳಿ ಕಣ್ಣು ಬಿಡುವ ಮಕ್ಕಳನ್ನು ಮೊದಲು ಬೈಯುತ್ತಿದ್ದೆ. ಈಗ ಬೈಯುವುದಿಲ್ಲ.